‘ನಾಲ್ಕು ಬಿಗಿದರೆ ಸರಿಹೋಗ್ತಾನೆ’ ಎನ್ನುವವರಿಗೆ

ಮಾದಕ ವ್ಯಸನಿಗೆ ಮೊದಲು ಬೇಕಾದದ್ದು ಚಿಕಿತ್ಸೆ ಮತ್ತು ಆಪ್ತಸಮಾಲೋಚನೆ, ಲಾಕಪ್ಪೂ ಅಲ್ಲ, ಬೀಗ ಜಡಿದ ಕೋಣೆಯೂ ಅಲ್ಲ ಎಂದು ಯಾರಾದರೂ ಹೇಳಿದರೆ ಸಾಕು, ನಮ್ಮಲ್ಲಿ ಎದ್ದು ಬರುವ ಆಕ್ಷೇಪಗಳು ಹೆಚ್ಚುಕಡಿಮೆ ಒಂದೇ. ಊರ ಹಿರಿಯರ ಬಾಯಲ್ಲಿ, ಟಿವಿ ಚರ್ಚೆಯಲ್ಲಿ, ಬೀಗರ ಮನೆಯ ಜಗಲಿಯಲ್ಲಿ, ಒಮ್ಮೊಮ್ಮೆ ವೈದ್ಯರ ಬಾಯಲ್ಲೂ ಅವನ್ನೇ ಕೇಳಿದ್ದೇನೆ. ಆ ಮಾತುಗಳ ಹಿಂದಿನ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ಮಗ ಅಡುಗೆಮನೆಯ ಸಿಲಿಂಡರನ್ನೇ ಮಾರಿ ಬಂದ ಮೇಲೆ, ತಾಯಿಯ ಸರ ಗಿರವಿ ಅಂಗಡಿ ಸೇರಿದ ಮೇಲೆ, ಯಾವ ಮನೆಯಲ್ಲೂ ತಾಳ್ಮೆ ಉಳಿಯುವುದಿಲ್ಲ. ಆದರೆ ನೊಂದವರು ಹೇಳಿದರೆಂಬ ಕಾರಣಕ್ಕೆ ತಪ್ಪು ಮಾತು ಸರಿಯಾಗುವುದಿಲ್ಲ. ಈ ವಿಷಯದಲ್ಲಿ ತಪ್ಪಿದರೆ ಹೋಗುವುದು ಜೀವ.

ಎಲ್ಲಕ್ಕಿಂತ ಜೋರಾಗಿ ಕೇಳಿಸುವುದು ‘ದಂಡಂ ದಶಗುಣಂ’ ಪಕ್ಷ. ‘ಅಪರಾಧಿಗೆ ಎಂಥ ಕೌನ್ಸೆಲಿಂಗ್? ಕೇಸು ಹಾಕಿ ಒಳಗೆ ಕಳಿಸಿ.’ ಹೀಗೆನ್ನುವವರು ಕಾನೂನಿನ ಹೆಸರು ಹೇಳುತ್ತಾರೆ, ಓದಿರುವುದಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ ದೇಶದ ಬಿಗಿ ಕಾನೂನುಗಳಲ್ಲೊಂದು, ಒಪ್ಪಿದೆ. ದೊಡ್ಡ ಪ್ರಮಾಣದಲ್ಲಿ ಮಾರಿ, ಸಾಗಿಸಿ ಸಿಕ್ಕಿಬಿದ್ದವನಿಗೆ ಜಾಮೀನು ಸಿಗುವುದೇ ಕಷ್ಟ. ಅದೇ ಕಾಯ್ದೆ ಸೇವಿಸುವವನನ್ನು ಮಾತ್ರ ಬೇರೆಯಾಗಿ ಕಾಣುತ್ತದೆ. ಕಲಂ 27ರ ಪ್ರಕಾರ ಹೆರಾಯಿನ್, ಕೊಕೇನ್ ಸೇವನೆಗೆ ಗರಿಷ್ಠ ಒಂದು ವರ್ಷ, ಇತರ ಮಾದಕಗಳಿಗೆ ಗರಿಷ್ಠ ಆರು ತಿಂಗಳು, ಅಥವಾ ಬರೀ ದಂಡ. ಕಲಂ 64ಎ ಇನ್ನೂ ಮುಂದೆ ಹೋಗುತ್ತದೆ: ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಅಪರಾಧ ಸಾಬೀತಾದ ಮೇಲೂ ಚಿಕಿತ್ಸೆಗೆ ಕಳಿಸುವ ಅಧಿಕಾರ ಕಲಂ 39ರಡಿ ನ್ಯಾಯಾಲಯಕ್ಕಿದೆ. ಇಷ್ಟು ಬಿಗಿಯಾದ ಕಾನೂನೇ ಇಟ್ಟಿರುವ ಬಾಗಿಲನ್ನು ಮುಚ್ಚಬೇಕೆನ್ನುವವರು ಕಾನೂನಿನ ಪರ ಹೇಗಾಗುತ್ತಾರೆ?

ಈ ಅವಕಾಶದ ಸುದ್ದಿ ಠಾಣೆಯ ಮೆಟ್ಟಿಲು ಹತ್ತಿದ ತಂದೆತಾಯಿಗೆ ಯಾರೂ ಹೇಳುವುದಿಲ್ಲ, ಅದು ಬೇರೆ ಮಾತು.

ಎರಡನೆಯ ಪಕ್ಷದವರು ಪೊಲೀಸರನ್ನು ಬಯಸುವುದಿಲ್ಲ, ಮಾನದ ಪ್ರಶ್ನೆ ನೋಡಿ. ಅವರ ಪರಿಹಾರ: ‘ಮೂರು ತಿಂಗಳು ಸೆಂಟರ್‌ಗೆ ಹಾಕಿಬಿಡಿ. ಫೋನ್ ಇಲ್ಲ, ಸ್ನೇಹಿತರಿಲ್ಲ, ತಾನಾಗೇ ಬಿಡ್ತಾನೆ.’ ರಾತ್ರಿ ಮನೆಗೆ ಗಾಡಿ ಬರುತ್ತದೆ, ನಾಲ್ಕು ಜನ ಇಳಿಯುತ್ತಾರೆ, ಹುಡುಗನನ್ನು ಕೈಕಾಲು ಹಿಡಿದು ಎತ್ತಿಕೊಂಡು ಹೋಗುತ್ತಾರೆ. ತಿಂಗಳಿಗಿಷ್ಟು ಎಂದು ಮುಂಗಡ. ಇಂಥ ಕೆಲವು ಕಡೆ ಒಳಗೆ ಏನು ನಡೆಯುತ್ತದೆಂಬುದರ ವಿಡಿಯೋಗಳು ಆಗಾಗ ಸುದ್ದಿಯಾಗುತ್ತವೆ. ಎರಡು ದಿನ ಬೈದು ಎಲ್ಲರೂ ಮರೆಯುತ್ತೇವೆ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ‘ತಾನಾಗೇ ಬಿಡ್ತಾನೆ’ ಎಂಬುದು ಯಾವ ವಸ್ತುವಿನ ಬಗ್ಗೆ? ದಿನವೂ ವಿಪರೀತ ಕುಡಿಯುವವನಿಗೆ, ನಿದ್ರೆಮಾತ್ರೆಗೆ ಅಂಟಿಕೊಂಡವನಿಗೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಕುಡಿತದಲ್ಲಿ ಕೊನೆಯ ಗುಟುಕಿನಿಂದ ಎರಡು ಮೂರು ದಿನದ ಹೊತ್ತಿಗೆ ಕೆಲವರಿಗೆ ಜ್ವರ, ನಡುಕ, ಇಲ್ಲದ್ದು ಕಾಣುವುದು, ಗೋಡೆ ಮೇಲೆ ಹುಳ ಹರಿದಾಡಿದಂತಾಗುವುದು ಶುರುವಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಸಾಯುವವರಿದ್ದಾರೆ. ಅದಕ್ಕೆ ಬೇಕಾದದ್ದು ಹಂತಹಂತವಾಗಿ ಇಳಿಸುವ ಔಷಧ, ಥಯಾಮಿನ್ ಇಂಜೆಕ್ಷನ್, ನಾಡಿ ನೋಡುವ ನರ್ಸು. ಬೀಗ ಇವುಗಳಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಹೆರಾಯಿನ್, ನೋವಿನ ಮಾತ್ರೆ ಅರೆದು ಚುಚ್ಚಿಕೊಳ್ಳುವವರ ಕಥೆ ಬೇರೆ. ಅವರಿಗೆ ನಿಲ್ಲಿಸಿದಾಗ ಮೈಕೈ ಮುರಿತ, ವಾಂತಿ, ಭೇದಿ, ಕಣ್ಣುಮೂಗಲ್ಲಿ ನೀರು. ನರಳಾಟ ಘೋರ, ಆದರೆ ಅದರಿಂದಲೇ ಸಾವು ವಿರಳ. ಅವರಿಗೆ ಸಾವು ಕಾಯುವುದು ಹೊರಗೆ ಬಂದ ಮೇಲೆ.

ನಮ್ಮ ಚರ್ಚೆಯಲ್ಲಿ ಯಾರೂ ಎತ್ತದ ಸಂಗತಿ ಇದೇ. ನಿತ್ಯ ತೆಗೆದುಕೊಳ್ಳುವವನ ದೇಹಕ್ಕೆ ದೊಡ್ಡ ಡೋಸನ್ನು ತಾಳುವ ಶಕ್ತಿ ಬಂದಿರುತ್ತದೆ. ಕೆಲವು ವಾರ ಬಿಟ್ಟರೆ ಆ ತಾಳಿಕೆ ಹೋಗುತ್ತದೆ, ನೆನಪು ಹೋಗುವುದಿಲ್ಲ. ಹೊರಗೆ ಬಂದು ಹಳೆಯ ಅಳತೆಯಲ್ಲೇ ಒಮ್ಮೆ ತೆಗೆದುಕೊಂಡರೆ ಉಸಿರಾಟ ನಿಲ್ಲುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದವರನ್ನು ಗಮನಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯ ಮೊದಲ ಎರಡು ವಾರಗಳಲ್ಲಿ ಅವರು ಮಾದಕದ ಮಿತಿಮೀರಿದ ಸೇವನೆಯಿಂದ ಸಾಯುವ ಸಂಭವ ಸಾಮಾನ್ಯ ಜನರಿಗಿಂತ 129 ಪಟ್ಟು ಹೆಚ್ಚಿತ್ತು. ಅಂದರೆ ಜೈಲಿನ ಪಕ್ಷದವರಿಗೂ, ಸೆಂಟರ್ ಪಕ್ಷದವರಿಗೂ ಉತ್ತರ ಒಂದೇ: ನೀವು ‘ಸರಿಹೋದ’ ಎಂದು ನಿಟ್ಟುಸಿರು ಬಿಡುವ ದಿನವೇ ಅವನಿಗೆ ಅತ್ಯಂತ ಅಪಾಯದ ದಿನ.

ನಾನು ಕೆಲಸ ಮಾಡುವ ಹೊರರೋಗಿ ವಿಭಾಗಕ್ಕೆ ಒಬ್ಬ ತಾಯಿ ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಮಗನ ಸೆಂಟರಿನ ಡಿಸ್ಚಾರ್ಜ್ ಪತ್ರ, ಅದರ ಮೇಲೆ ಸೀಲು, ಕೆಳಗೆ ‘ಪೂರ್ಣ ಗುಣಮುಖ’. “ಬಿಟ್ಟಿದ್ದ ಮೇಡಂ, ಬಿಟ್ಟೇ ಬಿಟ್ಟಿದ್ದ. ಮೈ ತುಂಬ್ಕೊಂಡು ಬಂದಿದ್ದ. ಮತ್ತೆ ಹೇಗೆ ಹೋದ?” ಎಂದು ಕೇಳಿದರು. ಅವರ ಚಿಕ್ಕ ಮಗನನ್ನು ತೋರಿಸಲು ಬಂದಿದ್ದರು. ದೊಡ್ಡವನ ಕಾಗದ ಸುಮ್ಮನೆ ಜೊತೆಗಿತ್ತು. ಹೊರಗೆ ಬಂದ ಮೇಲೆ ಹಳೆಯ ಡೋಸು ಕೊಲ್ಲುತ್ತದೆಂದು ಆ ಮೂರು ತಿಂಗಳಲ್ಲಿ ಅವರಿಗಾಗಲೀ ಅವನಿಗಾಗಲೀ ಯಾರೂ ಒಂದು ಮಾತು ಹೇಳಿರಲಿಲ್ಲ.

‘ಹಾಗಾದರೆ ಬಲವಂತವೇ ಬೇಡವೇ? ಅವನಿಗೆ ಪ್ರಜ್ಞೆಯೇ ಇಲ್ಲದಿದ್ದರೆ?’ ಇದು ನ್ಯಾಯವಾದ ಪ್ರಶ್ನೆ. ಇದಕ್ಕೂ ಕಾನೂನಿನಲ್ಲಿ ದಾರಿಯಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕಗಳಿಂದಾದ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ತನಗೋ ಇತರರಿಗೋ ಅಪಾಯ ತರುವ ಸ್ಥಿತಿಯಲ್ಲಿದ್ದು, ನಿರ್ಧಾರ ತೆಗೆದುಕೊಳ್ಳಲಾಗದವನನ್ನು ಒಪ್ಪಿಗೆಯಿಲ್ಲದೆಯೂ ದಾಖಲಿಸಬಹುದು. ಆದರೆ ಮನೋವೈದ್ಯರೊಬ್ಬರು ಮತ್ತು ಇನ್ನೊಬ್ಬ ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು, ಮೊದಲಿಗೆ ಮೂವತ್ತು ದಿನಕ್ಕೆ ಮಾತ್ರ, ನೋಂದಾಯಿತ ಸಂಸ್ಥೆಯಲ್ಲಿ ಮಾತ್ರ. ಸರಪಳಿ ಹಾಕುವುದನ್ನು ಕಲಂ 95 ಪೂರ್ತಿ ನಿಷೇಧಿಸಿದೆ. ರಾತ್ರಿ ಗಾಡಿಯಲ್ಲಿ ಹೊತ್ತೊಯ್ಯುವ ನಾಲ್ಕು ಜನರಲ್ಲಿ ಮನೋವೈದ್ಯರು ಯಾರು ಎಂದು ಕೇಳಿ ನೋಡಿ.

ಇನ್ನು ‘ಬರೀ ಮಾತಿನಿಂದ ಏನಾಗುತ್ತೆ’ ಎನ್ನುವವರು. ಕೌನ್ಸೆಲಿಂಗ್ ಎಂದರೆ ಟೇಬಲ್ಲಿನಾಚೆ ಕೂತು ‘ಅಪ್ಪ ಅಮ್ಮನ ಮುಖ ನೋಡು, ಚೆನ್ನಾಗಿ ಓದು’ ಎಂದು ಬುದ್ಧಿ ಹೇಳುವುದೆಂದು ಇವರ ಎಣಿಕೆ. ಅದಾಗಿದ್ದರೆ ನಾನೂ ಇವರ ಜೊತೆಯೇ ಸೇರುತ್ತಿದ್ದೆ; ಬುದ್ಧಿವಾದ ಕೇಳಿ ಕೇಳಿ ಆ ಹುಡುಗರ ಕಿವಿ ಎಂದೋ ಮುಚ್ಚಿರುತ್ತದೆ. ಬಿಕ್ಕಟ್ಟಿನ ಹೊತ್ತಿನ ಕೆಲಸ ಬೇರೆಯದೇ. ಸಹೋದ್ಯೋಗಿಯೊಬ್ಬರಿಗೆ ನಡುರಾತ್ರಿ ಬಂದ ಕರೆಯೊಂದನ್ನು ನಾನು ಪಕ್ಕದಲ್ಲಿದ್ದು ಕೇಳಿಸಿಕೊಂಡಿದ್ದೆ.

“ಸರ್, ಆಗ್ತಿಲ್ಲ.”

“ಎಲ್ಲಿದ್ದೀಯಪ್ಪಾ ಈಗ?”

“ಟೆರೇಸ್ ಮೇಲೆ.”

“ಸಾಯಬೇಕು ಅನ್ನಿಸ್ತಿದೆಯಾ?”

“...ಹೂಂ.”

“ಸರಿ. ಫೋನ್ ಕಟ್ ಮಾಡ್ಬೇಡ. ಮೆಟ್ಟಿಲು ಇಳೀತಾ ಮಾತಾಡು. ಇವತ್ತು ಏನು ತಗೊಂಡೆ? ಎಷ್ಟೊತ್ತಿಗೆ? ಜೊತೆಗೆ ಕುಡಿದಿದ್ದೀಯಾ?”

ಒಂದು ಬೈಗುಳವಿಲ್ಲ, ‘ಮತ್ತೆ ಮಾಡಿದೆಯಾ’ ಎಂಬ ಪ್ರಶ್ನೆಯಿಲ್ಲ. ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದವರ ಮುಂದೆ ಜನ ಹಗುರಾಗುತ್ತಾರೆ. ಏನು, ಎಷ್ಟು, ಯಾವಾಗ ಎಂಬ ಉತ್ತರದ ಮೇಲೆ ಆಂಬುಲೆನ್ಸ್ ಬೇಕೋ ಬೇಡವೋ ತಿಳಿಯುತ್ತದೆ. ಮಾತು ಮುಂದುವರಿಸಿದಷ್ಟು ಹೊತ್ತು, ಏರಿದ ಬಯಕೆ ಇಳಿಯಲು ಸಮಯ ಸಿಗುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದರ ಬಿಸಿ ತಗ್ಗುತ್ತದೆ. ಅಂದು ಆ ಹುಡುಗನ ಅಣ್ಣನನ್ನು ಎಬ್ಬಿಸಿ ಫೋನ್ ಅವನ ಕೈಗೆ ಕೊಡಿಸುವವರೆಗೂ ನನ್ನ ಸಹೋದ್ಯೋಗಿ ಮಾತು ನಿಲ್ಲಿಸಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಯ ಚೀಟಿ ಸಾಲಿನಲ್ಲಿದ್ದರು. ಇದನ್ನು ‘ಬರೀ ಮಾತು’ ಎನ್ನುವವರು ಒಂದು ರಾತ್ರಿ ಆ ಫೋನಿನ ಮುಂದೆ ಕೂತು ನೋಡಲಿ.

ಮುಂದಿನದು ಸ್ವಲ್ಪ ಓದಿಕೊಂಡವರ ಆಕ್ಷೇಪ, ಹಾಗಾಗಿ ಹೆಚ್ಚು ಹಾನಿಕರ: ‘ಒಂದು ನಶೆ ಬಿಡಿಸಲು ಇನ್ನೊಂದು ನಶೆ ಕೊಡ್ತೀರಿ.’ ಗುರಿ ಬ್ಯುಪ್ರೆನಾರ್ಫಿನ್ ಮತ್ತು ಮೆಥಡೋನ್ ಮೇಲೆ. ಹೌದು, ಎರಡೂ ಅಫೀಮಿನ ಕುಲಕ್ಕೆ ಹತ್ತಿರದವೇ. ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಮೆದುಳಿನ ಅದೇ ಜಾಗದಲ್ಲಿ ಕೂರುತ್ತದೆ, ಮೈಮುರಿತ ಮತ್ತು ಬಯಕೆಯನ್ನು ತಣಿಸುತ್ತದೆ, ಆದರೆ ಒಂದು ಮಿತಿಯಾಚೆ ಡೋಸು ಏರಿಸಿದರೂ ಉಸಿರನ್ನು ಅದೇ ಪ್ರಮಾಣದಲ್ಲಿ ಕುಗ್ಗಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇವೆರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2017ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬ್ಯುಪ್ರೆನಾರ್ಫಿನ್ ಚಿಕಿತ್ಸೆಯಲ್ಲಿ ಉಳಿದವರಲ್ಲಿ ವರ್ಷಕ್ಕೆ ಸಾವಿರಕ್ಕೆ 4.3 ಸಾವು, ಬಿಟ್ಟವರಲ್ಲಿ 9.5. ಮೆಥಡೋನ್‌ನಲ್ಲಿ ಅಂತರ ಇನ್ನೂ ದೊಡ್ಡದು: 11.3 ಮತ್ತು 36.1. ಸಕ್ಕರೆ ಕಾಯಿಲೆಯವನು ಇಪ್ಪತ್ತು ವರ್ಷ ಮಾತ್ರೆ ನುಂಗಿದರೆ ‘ಮಾತ್ರೆಯ ಚಟ’ ಎಂದು ಯಾರೂ ಹಂಗಿಸುವುದಿಲ್ಲ. ದಿನಕ್ಕೊಮ್ಮೆ ಔಷಧ ತೆಗೆದುಕೊಂಡು ಗ್ಯಾರೇಜಿಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ತರಕಾರಿ ತರುವ ಹುಡುಗನನ್ನು ಮಾತ್ರ ‘ಇನ್ನೂ ಬಿಟ್ಟಿಲ್ಲ’ ಎನ್ನುತ್ತೇವೆ.

ಔಷಧ ಕಳ್ಳದಾರಿಗೆ ಹೋಗುವ ಅಪಾಯವಿಲ್ಲವೇ ಎಂದರೆ, ಇದೆ. ಅದಕ್ಕೇ ಎದುರಿಗೇ ಔಷಧ ಕೊಡುವ, ಲೆಕ್ಕ ಇಡುವ ಪದ್ಧತಿ. ಆ ಅಪಾಯಕ್ಕೆ ಉತ್ತರ ನಿಗಾ, ಔಷಧದ ನಿಷೇಧವಲ್ಲ.

ಮತ್ತೆ ಕೆಲವರಿಗೆ ಯಾವ ಚಿಕಿತ್ಸೆಯಲ್ಲೂ ನಂಬಿಕೆಯಿಲ್ಲ. ‘ನಾಯಿ ಬಾಲ ಡೊಂಕೇ. ಎಷ್ಟು ಸಲ ಬಿಡಿಸಿದರೂ ಮತ್ತೆ ಶುರು.’ ಮರಳಿ ಶುರುವಾಗುವುದು ನಿಜ. ನೂರಕ್ಕೆ 40ರಿಂದ 60 ಮಂದಿಯಲ್ಲಿ ಹಾಗಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತ ಅಂದಾಜು. ಬಿಪಿ, ಆಸ್ತಮಾದವರು ಪಥ್ಯ ಮುರಿದು, ಮಾತ್ರೆ ಬಿಟ್ಟು ಮತ್ತೆ ಆಸ್ಪತ್ರೆಗೆ ಬರುವ ಪ್ರಮಾಣವೂ ಇದಕ್ಕಿಂತ ಕಡಿಮೆಯೇನಲ್ಲ. ಜಾರಿದವನು ಅದೇ ದಿನ ಫೋನ್ ಮಾಡಿದರೆ ಅದು ಚಿಕಿತ್ಸೆ ಕೆಲಸ ಮಾಡುತ್ತಿರುವುದರ ಗುರುತು. ನಾಚಿಕೆಯಿಂದ ಒಬ್ಬನೇ ಬಾತ್‌ರೂಮಿನ ಚಿಲಕ ಹಾಕಿಕೊಂಡರೆ ಅದು ಸಾವಿನ ದಾರಿ. ಆ ನಾಚಿಕೆಯನ್ನು ಅವನ ತಲೆಗೆ ತುಂಬಿದವರು ನಾಯಿ ಬಾಲದ ಗಾದೆ ಹೇಳುವವರೇ.

ಪ್ರಸಂಗಕ್ಕೆ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ತುಟಿ ನೀಲಿಗಟ್ಟಿ, ಉಸಿರು ಗೊರಗುಟ್ಟುತ್ತಾ ನಿಧಾನವಾಗಿ, ಎಬ್ಬಿಸಿದರೂ ಏಳದೆ ಬಿದ್ದವನ ಬಾಯಿಗೆ ಮಜ್ಜಿಗೆ, ನಿಂಬೆರಸ, ಉಪ್ಪುನೀರು ಹುಯ್ಯಬೇಡಿ. ಅದು ಹೋಗುವುದು ಶ್ವಾಸಕೋಶಕ್ಕೆ. ಪಕ್ಕಕ್ಕೆ ಮಲಗಿಸಿ, 108ಕ್ಕೆ ಕರೆ ಮಾಡಿ, ಏನು ತೆಗೆದುಕೊಂಡಿದ್ದಾನೆಂದು ಮುಚ್ಚಿಡದೆ ಹೇಳಿ. ಅಫೀಮು ಕುಲದ ವಸ್ತುವಾದರೆ ನ್ಯಾಲಾಕ್ಸೋನ್ ಎಂಬ ಇಂಜೆಕ್ಷನ್ ಕೆಲವೇ ನಿಮಿಷಗಳಲ್ಲಿ ಉಸಿರು ಮರಳಿಸಬಲ್ಲದು.

‘ಒಂದು ಮದುವೆ ಮಾಡಿಬಿಡಿ, ಜವಾಬ್ದಾರಿ ಬಂದರೆ ಬಿಡ್ತಾನೆ’ ಎನ್ನುವವರಿಗೆ ಉತ್ತರ ಕೊಡುವ ಶಕ್ತಿ ನನಗಿಲ್ಲ. ಆ ಹುಡುಗಿಯನ್ನು ಕೇಳಿ. ಗೋಡೆಗಳ ಮೇಲೆ ‘ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ’ ಎಂದು ಬರೆಸುವವರದ್ದೂ ಇದೇ ದರ್ಜೆಯ ವೈದ್ಯ. ಡೈಸಲ್ಫಿರಾಮ್‌ನಂಥ ಮಾತ್ರೆ ಗೊತ್ತಿಲ್ಲದೆ ತಿಂದವನು ಮೇಲೆ ಕುಡಿದರೆ ಬಿಪಿ ಕುಸಿದು ಜೀವಕ್ಕೇ ಕುತ್ತು.

ದೇವರ ಆಣೆಯ ಪಕ್ಷದವರನ್ನು ಮಾತ್ರ ನಾನು ಹೀಗೆ ತಳ್ಳಿಹಾಕಲಾರೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರಗಳಿಂದ ಕುಡಿತ ಬಿಟ್ಟು ಬದುಕಿದವರು ನಮ್ಮ ಜಿಲ್ಲೆಗಳಲ್ಲಿದ್ದಾರೆ. ಆದರೆ ಅಲ್ಲಿ ಕೆಲಸ ಮಾಡುವುದು ಆಣೆಯೊಂದೇ ಎಂದುಕೊಂಡರೆ ಅರ್ಧ ಮಾತ್ರ ನೋಡಿದಂತೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಯಲ್ಲಿ ಬಿಟ್ಟವರು ಮತ್ತೆ ಮತ್ತೆ ಸೇರುತ್ತಾರೆ, ಬಾರದವನನ್ನು ಹುಡುಕಿಕೊಂಡು ಹೋಗುತ್ತಾರೆ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರು ಕೂತು ಶುರುಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಬಲವೂ ಅದೇ. ಭಕ್ತಿ ಇರಲಿ, ಆಣೆ ಮುರಿದವನಿಗೆ ‘ದೇವರ ಶಾಪ ತಟ್ಟಿತು’ ಎಂದು ಬಾಗಿಲು ಹಾಕುವುದು ಬೇಡ.

ಕೊನೆಗೆ, ‘ಮನೆಯಿಂದ ಹೊರಗೆ ಹಾಕಿ, ಪಾತಾಳ ಕಂಡರೆ ಬುದ್ಧಿ ಬರುತ್ತೆ’ ಎನ್ನುವವರು. ಪಾತಾಳ ಕಂಡವರಲ್ಲಿ ಹಲವರು ಮೇಲೆ ಬರುವುದೇ ಇಲ್ಲ. ಚಿಕಿತ್ಸೆ ಬೇಡವೆನ್ನುವ ಕುಡುಕರ ಮನೆಯವರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೂರು ದಾರಿಗಳನ್ನು ಹೋಲಿಸಿದರು. ಎಲ್ಲರೂ ಸೇರಿ ಅವನನ್ನು ಎದುರು ಕೂರಿಸಿ ಕಟುವಾಗಿ ಹೇಳುವ ವಿಧಾನದಿಂದ ಶೇ. 30 ಮಂದಿ ಚಿಕಿತ್ಸೆಗೆ ಬಂದರು. ಮನೆಯವರು ತಮ್ಮ ಪಾಡಿಗೆ ಬೆಂಬಲ ಗುಂಪಿಗೆ ಹೋದಾಗ ಶೇ. 13. ಕುಡಿಯದಿದ್ದ ಹೊತ್ತಿನಲ್ಲಿ ಹತ್ತಿರವಾಗುವುದು, ಕುಡಿದಾಗ ಜಗಳವಾಡದೆ ದೂರ ಸರಿಯುವುದು, ಅವನೇ ಸೋತು ಬಂದ ಗಳಿಗೆಯಲ್ಲಿ ‘ಬಾ, ನಾಳೆ ಹೋಗೋಣ’ ಎನ್ನಲು ತಯಾರಿರುವುದು: ಇಷ್ಟನ್ನು ಮನೆಯವರಿಗೆ ಕಲಿಸಿದಾಗ ಶೇ. 64.

ಅಂಥ ಗಳಿಗೆಯಲ್ಲಿ ಹೋಗುವುದೆಲ್ಲಿಗೆ ಎಂಬುದೇ ನಮ್ಮ ದೊಡ್ಡ ಕೊರತೆ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಕ್ರಮ ಮಾದಕಗಳಿಗೆ ದಾಸರಾದ 20 ಜನರಲ್ಲಿ ಒಬ್ಬರಿಗೆ ಮಾತ್ರ ಎಂದಾದರೂ ಒಳರೋಗಿ ಚಿಕಿತ್ಸೆ ಸಿಕ್ಕಿತ್ತು. ವ್ಯಸನಮುಕ್ತಿಗೆ 14446, ಮನಸ್ಸಿನ ತುರ್ತಿಗೆ ಟೆಲಿ-ಮಾನಸ್‌ನ 14416 ಇವೆ. ಎರಡನೆಯದರಲ್ಲಿ ಹಗಲುರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಖಾಸಗಿ ಸೆಂಟರಿಗೇ ಸೇರಿಸುವುದಾದರೆ ಮುಂಗಡ ಕಟ್ಟುವ ಮೊದಲು ನೋಂದಣಿ ಪತ್ರ ತೋರಿಸಿ ಎನ್ನಿ. ಡಾಕ್ಟರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ, ಮಗನ ಜೊತೆ ಒಬ್ಬರೇ ಕೂತು ಮಾತಾಡಲು ಬಿಡುತ್ತೀರಾ ಎಂದು ಕೇಳಿ. ಮನೆಗೆ ಬಂದ ಮೇಲಿನ ಮೊದಲ ತಿಂಗಳಿಗೆ ಏನು ವ್ಯವಸ್ಥೆ ಎಂದೂ ಕೇಳಿ. ಅದಕ್ಕೆ ಉತ್ತರವಿಲ್ಲದಿದ್ದರೆ ದುಡ್ಡನ್ನು ಜೇಬಿನಲ್ಲಿಟ್ಟುಕೊಂಡು ಜಿಲ್ಲಾ ಆಸ್ಪತ್ರೆಯ ಬಸ್ಸು ಹತ್ತಿ.