ಮೂರು ಕಾಲ್‌ಶೀಟು, ಒಂದೇ ನದಿ

ಕಳೆದ ವಾರ ಊರಿಗೆ ಹೋಗಿದ್ದೆ. ಊರು ಅಂದ್ರೆ ಗೊತ್ತಲ್ಲ, ನಮ್ಮ ಅಜ್ಜಂಪುರ. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಅಕ್ಕನ ಮಗ ಮತ್ತವನ ಮೂವರು ಗೆಳೆಯರು ಒಂದು ಹಾಳೆ ಹರವಿಕೊಂಡು ಕೂತಿದ್ದರು. ಹಾಳೆಯಲ್ಲಿ ಮೂರೇ ಪದ: ಸಿಟಿ, ಬೀಚು, ಕಾಡು.

“ಮಾಮ, ಹಾಡಲ್ಲಿ ತೋರಿಸ್ತಾರಲ್ಲ, ಹಂಗೆ! ಪಲ್ಲವಿ ಸಿಟೀಲಿ, ಒಂದು ಚರಣ ಬೀಚಲ್ಲಿ, ಇನ್ನೊಂದು ಕಾಡಲ್ಲಿ. ಥಾಯ್ಲೆಂಡಿಗೆ ಎಷ್ಟಾಗುತ್ತೆ?”

ನಗು ಬಂತು. ನಾನೂ ಹೀಗೇ ಕೆಟ್ಟವನು! 1978ರಲ್ಲಿ ‘ಸಿಂಗಪೂರಿನಲ್ಲಿ ರಾಜಾ ಕುಳ್ಳ’ ಬಂದಿತ್ತು. ವಿಷ್ಣು, ದ್ವಾರಕೀಶ್ ಇಬ್ಬರೂ ನಿಜವಾದ ಸಿಂಗಪೂರಿನ ಬೀದಿಯಲ್ಲೇ ಓಡಾಡಿದ ಚಿತ್ರ. ಟೆಂಟಿನ ಮರಳಲ್ಲಿ ಕೂತು ನೋಡಿದ ನಮಗೆ ಆ ರಾತ್ರಿಯೆಲ್ಲ ನಿದ್ದೆ ಇಲ್ಲ. ಆದರೆ ಸಿಂಗಪೂರಿಗೂ ನಮ್ಮ ಜೇಬಿಗೂ ಆಗಬೇಕಲ್ಲ!

ಗೆಳೆಯರೇ, ಸಿನಿಮಾದವರ ಕೈಯಲ್ಲಿ ‘ಕಟ್’ ಅಂತ ಒಂದು ಮಂತ್ರ ಇದೆ. ಬೀದಿಯಲ್ಲಿ ಎತ್ತಿದ ಕಾಲು ಸಮುದ್ರದಲ್ಲಿ ಇಳಿಯುತ್ತೆ. ನಮಗೆ ಆ ಮಂತ್ರ ಇಲ್ಲ. ಎರಡು ಶಾಟಿನ ನಡುವೆ ಬಸ್ಸಿದೆ, ಘಾಟಿದೆ, ಕಿಟಕಿ ಪಕ್ಕದವನ ವಾಂತಿಯಿದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಜಲಪಾತ, ಸಮುದ್ರ ಇಬ್ಬರೂ ದೊಡ್ಡ ಸ್ಟಾರುಗಳು. ಇವರ ಕಾಲ್‌ಶೀಟು ಹೊಂದೋದಿಲ್ಲ! ಜೋಗ ಮೈದುಂಬಿ ಕುಣಿಯೋದು ಜುಲೈ, ಆಗಸ್ಟಿನಲ್ಲಿ. ಅದೇ ಹೊತ್ತಿಗೆ ಸಮುದ್ರಕ್ಕೆ ಹುಚ್ಚು ಹಿಡಿದಿರುತ್ತೆ.

ಇದನ್ನು ಪುಸ್ತಕ ಓದಿ ಹೇಳ್ತಿಲ್ಲ. 1988ರ ಜುಲೈ. ನಾವೂ ನಾಲ್ಕು ಜನ. ಜೋಗಕ್ಕೆ ಹೋದೆವು. 830 ಅಡಿಯಿಂದ ರಾಜ, ರಾಣಿ, ರೋರರ್, ರಾಕೆಟ್ ಒಂದಾಗಿ ಬೀಳ್ತಿದ್ದರೆ ಕಿವಿಗೆ ಬೇರೆ ಶಬ್ದವೇ ಇಲ್ಲ. ಆ ಅಮಲಿನಲ್ಲೇ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರಕ್ಕೆ ಬಂದೆವು. ನಮ್ಮಲ್ಲೊಬ್ಬ ಹಿಂದಿನ ವರ್ಷ ಬಂದ ‘ಒಂದು ಮುತ್ತಿನ ಕಥೆ’ಯನ್ನು ಆರು ಸಲ ನೋಡಿದ್ದ. ಅಣ್ಣಾವ್ರು ಸಮುದ್ರಕ್ಕೆ ಧುಮುಕಿದ್ದೇ ಅವನ ತಲೆಯಲ್ಲಿ. “ನೋಡ್ರೋ!” ಅಂದವನೇ ಅಂಗಿ ಬಿಚ್ಚಿ ಇಳಿದ. ಅಜ್ಜಂಪುರದ ಕೆರೆಯಲ್ಲಿ ಕಲಿತ ಈಜು! ಒಂದು ಅಲೆ ಬಂತು, ಹೋಯಿತು. ಅವನಿಲ್ಲ.

ದಡದಲ್ಲಿ ಬಲೆ ಹೆಣೀತಿದ್ದವರು ಹಗ್ಗ ಹಿಡಿದು ಓಡಿದರು. ಇಬ್ಬರು ನೀರಿಗಿಳಿದರು. ಎಳೆದು ತಂದಾಗ ಅವನ ಬಾಯಲ್ಲಿ ಮರಳು. ಅರ್ಧ ಗಂಟೆ ಮಾತಿಲ್ಲ. ಅವರಲ್ಲೊಬ್ಬ ಹಿರಿಯ ನಡುಗುತ್ತಲೇ ಬೈದ: “ಈ ತಿಂಗಳು ನಾವೇ ಇಳಿಯೋದಿಲ್ಲ, ನೀನ್ಯಾರೋ?” ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಅದಕ್ಕೇ ಹುಡುಗರ ಹಾಳೆ ತಿರುಗಿಸಿ ಮೊದಲು ತಿಂಗಳು ಬರೆದೆ. ಜೂನಿಂದ ಸೆಪ್ಟೆಂಬರ್ ಸಮುದ್ರಕ್ಕೆ ರಜೆ. ಕರಾವಳಿಯ ಯಂತ್ರದೋಣಿಗಳೇ ಜೂನ್, ಜುಲೈ ಎರಡು ತಿಂಗಳು ಕಡಲಿಗಿಳಿಯುವಂತಿಲ್ಲ. ಡಿಸೆಂಬರ್ ದಾಟಿದರೆ ಜೋಗ ಸೊರಗುತ್ತೆ. 1964ರಿಂದ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಕೂತಿದೆಯಲ್ಲ, ನೀರು ವಿದ್ಯುತ್ತಿನ ಕೆಲಸಕ್ಕೆ ಹೋಗುತ್ತೆ. ಇಬ್ಬರೂ ಅಷ್ಟಿಷ್ಟು ಒಪ್ಪುವ ಹೊತ್ತು ಅಕ್ಟೋಬರ್ ಕೊನೆ, ನವೆಂಬರ್. ಜೋಗ ಪೂರ್ತಿ ಕುಣಿಯದಿದ್ದರೂ ಕಾಡು ಹಸಿರಾಗಿರುತ್ತೆ, ಕಡಲು ತಣ್ಣಗಾಗಿರುತ್ತೆ.

ಆಮೇಲೆ ದಾರಿ. ಅಜ್ಜಂಪುರದಿಂದ ಬೀರೂರು. ಅಲ್ಲಿ ಗಾಡಿ ಬದಲಿಸಿ ತರೀಕೆರೆ, ಶಿವಮೊಗ್ಗದ ಮೇಲೆ ತಾಳಗುಪ್ಪ. ನಡುವೆ ಅರಸಾಳು ಬಂದಾಗ ಕಿಟಕಿಗೆ ಬನ್ನಿ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ನ ಸ್ಟೇಷನ್ ಮಾಡಿದ್ದು ಇದನ್ನೇ. ‘ಒಂದು ಮುತ್ತಿನ ಕಥೆ’ಗೂ ಅವರೇ ನಿರ್ದೇಶಕರು. ತಾಳಗುಪ್ಪದಿಂದ ಜೋಗ ಹತ್ತಿರ. ಜೋಗದಿಂದ ಸುಮಾರು 60 ಕಿಲೋಮೀಟರು ಇಳಿದರೆ ಹೊನ್ನಾವರ. ತಮಾಷೆ ನೋಡಿ, ಮೇಲೆ ಬಿದ್ದ ಶರಾವತಿಯೇ ಇಲ್ಲಿ ಕಡಲು ಸೇರೋದು. ಕಾಡಿಗೂ ಕಡಲಿಗೂ ಒಬ್ಬಳೇ ನಾಯಕಿ! ಪಕ್ಕದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟದ ಮನ್ನಣೆ ಸಿಕ್ಕಿತು. ಅಂಥ ಕಡೆ, ಜೀವರಕ್ಷಕ ತೋರಿಸಿದ ಜಾಗದಲ್ಲಿ ಮಾತ್ರ ಇಳಿಯಿರಿ. ಅವನು ಸೀಟಿ ಊದಿದರೆ ಮೇಲೆ ಬನ್ನಿ, ವಾದ ಬೇಡ.

ಹೊನ್ನಾವರದಿಂದ ಕೊಂಕಣ ರೈಲಲ್ಲಿ ಮಂಗಳೂರು. ಸಿಟಿ ಬೇಕಲ್ಲ? ಗಡ್‌ಬಡ್ ಐಸ್‌ಕ್ರೀಂ ತಿಂದು, ಒಂದು ತುಳು ಚಿತ್ರ ನೋಡಿ. 1971ರ ‘ಎನ್ನ ತಂಗಡಿ’ಯಿಂದ ಶುರುವಾದ ಚಿತ್ರರಂಗ ಅದು. ಭಾಷೆ ಬರದಿದ್ದರೂ ಪಕ್ಕದವರು ನಕ್ಕಾಗ ನೀವೂ ನಗ್ತೀರಿ. ವಾಪಸ್ಸು ಚಾರ್ಮಾಡಿ ಘಾಟಿ, ಮೂಡಿಗೆರೆ, ಚಿಕ್ಕಮಗಳೂರು, ಕಡೂರು... ಊರು! ಘಾಟಿಯನ್ನು ಹಗಲಲ್ಲೇ ಹತ್ತಿ. ನಮ್ಮೂರ ಅಮೃತಮಹಲ್ ಹೋರಿ ಹಾಗೆ ಕಣ್ಣುಮುಚ್ಚಿ ಓಡಬೇಡಿ. ಐದು ದಿನ ಸಾಕು.

“ಥಾಯ್ಲೆಂಡ್?” ಅಂದ ಅಳಿಯ.

“ಸಂಬಳ ಬಂದ ಮೇಲೆ ಹೋಗು. ಸಮುದ್ರ ಅಲ್ಲೂ ಸಮುದ್ರವೇ.”

ಇಷ್ಟು ಹೊತ್ತು ಸುಮ್ಮನಿದ್ದ ಒಬ್ಬ ಹುಡುಗ ಕೇಳಿದ: “ಅಂಕಲ್, ಮುಳುಗಿದ್ದು ಯಾರು?” ನಾನು ಅವನ ಮುಖ ನೋಡಿದೆ. ಅದೇ ಹುಬ್ಬು, ಅದೇ ಮೂಗು. “ಮನೆಗೆ ಹೋಗಿ ನಿಮ್ಮಪ್ಪನ್ನ ಕೇಳು” ಅಂದೆ.

ರಾತ್ರಿ ಗೆಳೆಯನ ಫೋನು ಬಂತು. ಬೈತಾನೆ ಅಂದುಕೊಂಡೆ. ಬೈಯಲಿಲ್ಲ. “ನವೆಂಬರಿಗೆ ನಾನೂ ಬರ್ತೀನಿ. ನೀರಿಗಿಳಿಯಲ್ಲ. ದಡದಲ್ಲಿ ಕೂತು ಮಗನ್ನ ನೋಡ್ಕೋತೀನಿ” ಅಂದ.

ಮುಂದಿನ ವಾರ ಸಿಗೋಣ. ಬಸ್ಸು ಹೊರಟಿತು, ಹತ್ತಿಕೊಳ್ಳಿ!