ಕುಮಾರರಾಮನು ಬರಿಯ ಕಟ್ಟುಕಥೆಯೆ?

“ಕುಮಾರರಾಮನೆ? ಅದೊಂದು ಅಡಗೂಲಜ್ಜಿಯ ಕಥೆ!” ಎಂದು ಮೂಗು ಮುರಿಯುವದು ನಮ್ಮ ಸುಶಿಕ್ಷಿತರಲ್ಲಿ ಜಾಣತನದ ಲಕ್ಷಣವೆನಿಸಿದೆ. ಸಾಂಗತ್ಯದಲ್ಲಿದ್ದುದೆಲ್ಲವೂ ಅಕ್ಷರಶಃ ನಡೆದುದೆಂದು ಹಟ ಹಿಡಿಯುವದು ಇನ್ನೊಂದು ಪಂಗಡ. ಪರೀಕ್ಷಿಸುವ ಶ್ರಮ ಮಾತ್ರ ಇಬ್ಬರಿಗೂ ಬೇಡ.

ವಾಚಕರೇ, ಮಸರಕಲ್ಲು-ದೇವದುರ್ಗಗಳ ಸೀಮೆಯಿಂದ ಕೃಷ್ಣೆಯನ್ನು ದಾಟಿದರೆ ಶಹಾಪುರದ ಬಳಿಯ ಸಗರ ಗ್ರಾಮವಿರುವದು. ಮಹಮ್ಮದ ತುಘಲಕನ ಸೋದರತ್ತೆಯ ಮಗನಾದ ಬಹಾಉದ್ದೀನ ಗುರ್ಶಾಸ್ಪನು ಅಲ್ಲಿಯ ಅಧಿಕಾರಿಯಾಗಿದ್ದನು. 1326–27ರ ಸುಮಾರಿಗೆ ಅವನು ಬಂಡೆದ್ದು, ಸೋತು, ಕಂಪಿಲಿಯ ಅರಸನಲ್ಲಿ ಮೊರೆಹೊಕ್ಕನು. ಅರಸನು ಶರಣಾಗತನನ್ನು ಒಪ್ಪಿಸಲಿಲ್ಲ. ಅವನನ್ನು ಹೊಯ್ಸಳ ಬಲ್ಲಾಳನೆಡೆಗೆ ಕಳುಹಿಸಿ, ಅಂತಃಪುರದವರು ಅಗ್ನಿಪ್ರವೇಶ ಮಾಡಿದ ಮೇಲೆ ತಾನು ಕಾದಾಡಿ ಮಡಿದನು. ಇದನ್ನು ಹೇಳಿದವನು ಕನ್ನಡದ ಕವಿಯಲ್ಲ. ಆ ಸುಲತಾನನ ಕೈಕೆಳಗೇ ದಿಲ್ಲಿಯಲ್ಲಿ ನ್ಯಾಯಾಧೀಶನಾಗಿದ್ದ ಇಬ್ನ್ ಬತೂತನು! 1350ರಲ್ಲಿ ಮುಗಿದ ಇಸಾಮಿಯ ಪಾರಸೀ ಕಾವ್ಯದಲ್ಲಿಯೂ ಕುಮ್ಮಟದ ಮುತ್ತಿಗೆಯ ಸಂಗತಿಯುಂಟು. ಎದುರಾಳಿಯ ಪಕ್ಷದವರೇ ನುಡಿದ ಈ ಸಾಕ್ಷಿಯನ್ನು ತಳ್ಳಿಹಾಕುವದು ಹೇಗೆ?

“ಆದರೆ ಇಬ್ನ್ ಬತೂತನು ರಾಮನ ಹೆಸರನ್ನೆತ್ತಿಲ್ಲವಲ್ಲ?” ಎಂಬ ಆಕ್ಷೇಪವು ನ್ಯಾಯವಾದುದೇ. ಅವನು ಹೇಳುವದು ಸೆರೆಸಿಕ್ಕ ಹನ್ನೊಂದು ಮಂದಿ ರಾಜಪುತ್ರರನ್ನು. ರತ್ನಾಜಿಯ ಮೋಹ, ಬೈಚಪ್ಪನು ರಾಮನನ್ನು ಅಡಗಿಸಿ ಬೇರೊಂದು ತಲೆಯನ್ನು ತೋರಿಸಿದ್ದು, ಮಾತಂಗಿಯ ಯುದ್ಧ, ಇವೆಲ್ಲ ಸುಮಾರು ಎರಡು ಶತಮಾನಗಳ ತರುವಾಯದ ನಂಜುಂಡಕವಿಯ ಸಾಂಗತ್ಯದಲ್ಲಿರುವವು. ಇವನ್ನು ಇತಿಹಾಸವೆಂದು ಸಾರುವದು ದುಡುಕು.

ಹಾಗೆಂದು ಸಮಗ್ರ ಕಥೆಯನ್ನೇ ಸುಳ್ಳೆನ್ನಬಹುದೆ? ಮಲತಾಯಿಯ ಮೋಹದ ಪ್ರಸಂಗವು ಅಶೋಕನ ಮಗನಾದ ಕುಣಾಲನ ಕಥೆಯಲ್ಲಿಯೂ ಉಂಟು. ಅದರಿಂದ ಅಶೋಕನೇ ಇರಲಿಲ್ಲವೆಂದು ಯಾರು ಹೇಳುವರು? ಬೌದ್ಧ ಗ್ರಂಥಗಳು ಹಾಡಿ ಹೊಗಳಿದ ಆ ಹೆಸರು, ‘ದೇವಾನಾಂಪ್ರಿಯ’ ಎಂಬ ಬಿರುದಿನ ಜತೆಗೆ, 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆಯೇ ದೊರೆಯಿತು! ಬಳ್ಳಿ ಹಬ್ಬಿತೆಂದು ಕಂಬವು ಸುಳ್ಳಾಗದು. ಕಂಬವಿದೆಯೆಂದು ಬಳ್ಳಿಯೂ ಕಲ್ಲಾಗದು.

ನಿಜವಾದ ಹಾನಿ ಬೇರೆಡೆಗಿದೆ. ಕಥೆಯೆಂದು ನಕ್ಕು ಬಿಟ್ಟುದರಿಂದ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲುಗಳಾಗುವವು. ಹಾಡುವ ಮುದುಕರೊಡನೆ ಹಾಡುಗಳೂ ಮಣ್ಣುಗೂಡುವವು. ಕುರುಡು ಭಕ್ತಿಯಿಂದಲೂ ಅದೇ ಫಲ: ಎಲ್ಲವೂ ಸತ್ಯವೆಂದವನು ಹುಡುಕುವದೇನನ್ನು?

ಶಾಲಾಶಿಕ್ಷಕರೇ, ಈ ಕೆಲಸ ನಿಮ್ಮದು. ನಿಮ್ಮೂರ ವೀರನ ಕಥೆಯನ್ನು ಹೇಳಿದವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಅಗಸೆಯ ಕಲ್ಲಿನ ಅಕ್ಷರಗಳನ್ನು ಬೇರೆ ಹಾಳೆಯಲ್ಲಿ ಇಳಿಸಿರಿ. ಅನಂತರ ಎರಡನ್ನೂ ಎದುರುಬದುರು ಇಟ್ಟು ನೋಡಿರಿ. ಕೂಡುವದು ಎಷ್ಟೋ ಅಷ್ಟೇ ಇತಿಹಾಸ, ಉಳಿದುದು ಕಾವ್ಯ. ಕನ್ನಡಿಗರಿಗೆ ಎರಡೂ ಬೇಕು; ಆದರೆ ಒಂದರ ಹೆಸರಿನಲ್ಲಿ ಇನ್ನೊಂದು ಬೇಡ.