ತೋಟಕ್ಕೆ ಬಸಿಗಾಲುವೆ, ರಸ್ತೆಗೆ ಬೇಡವೇ?

ಅಡಿಕೆ ತೋಟದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಸಿ ನೆಡುವ ಮೊದಲೇ ಬಸಿಗಾಲುವೆ ತೋಡುತ್ತೇವೆ. ಕಾಫಿ ಬೆಳೆಗಾರ ಬಂಧುಗಳೂ ಮಳೆಗೆ ಮುಂಚೆ ಚರಂಡಿಯ ಹೂಳು ತೆಗೆಸುತ್ತಾರೆ. ಆದರೆ ಅದೇ ತೋಟಕ್ಕೆ ಹೋಗುವ ರಸ್ತೆಯ ಮಾತು ಬಂದಾಗ ಈ ತಿಳಿವಳಿಕೆಯನ್ನು ಮರೆಯುತ್ತೇವೆ.

ಮಲೆಬೆನ್ನೂರಿನ ಸುತ್ತ ರಸ್ತೆ ಕೆಟ್ಟಾಗಲೆಲ್ಲ ಲಾರಿಗಳನ್ನು ದೂರುವುದು ವಾಡಿಕೆ. ಲಾರಿಯ ಭಾರವೂ ಒಂದು ಕಾರಣವೇ. ಆದರೆ ಒಣನೆಲ ತಾಳುವ ಭಾರವನ್ನು ನೆನೆದ ನೆಲ ತಾಳದು. ಎರಡು ಶತಮಾನದ ಹಿಂದೆಯೇ ಸ್ಕಾಟ್ಲೆಂಡಿನ ಮೆಕಾಡಮ್ ಹೇಳಿದ್ದು ಇದನ್ನೇ: ಭಾರ ಹೊರುವುದು ಕೆಳಗಿನ ಮಣ್ಣು, ಅದನ್ನು ನೆನೆಯಗೊಡಬಾರದು. ಬಿರುಕಿನಲ್ಲಿ ಇಳಿದ ನೀರು ಜಲ್ಲಿಯಿಂದ ಡಾಂಬರನ್ನು ಬಿಡಿಸುತ್ತದೆ. ಬದಿಯಿಂದ ಒಸರಿದ ನೀರು ಅಡಿಮಣ್ಣನ್ನು ಮೆತ್ತಗೆ ಮಾಡುತ್ತದೆ. ಎರೆಮಣ್ಣಾದರೆ ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಕೊನೆಗೆ ಗುಂಡಿ. ಅದರಲ್ಲಿ ನೀರು ನಿಂತರೆ ಆಳ ತಿಳಿಯದೆ ರಾತ್ರಿ ಬೈಕಿನಲ್ಲಿ ಬರುವವರು ಬೀಳುತ್ತಾರೆ. ಅವರು ನಮ್ಮ ಮನೆಯ ಮಕ್ಕಳೇ.

ಇದಕ್ಕಾಗಿಯೇ ರಸ್ತೆಯ ನಡುವನ್ನು ಆಮೆಬೆನ್ನಿನಂತೆ ಎತ್ತರಿಸುವುದು. 7 ಮೀಟರ್ ಅಗಲದ ಡಾಂಬರು ರಸ್ತೆಗೆ ಅಂಚಿಗಿಂತ ನಡುಭಾಗ 7ರಿಂದ 9 ಸೆಂಟಿಮೀಟರ್ ಎತ್ತರವಿರಬೇಕು. ಆದರೆ ಇಳಿದ ನೀರಿಗೆ ಮುಂದೆ ಚರಂಡಿಯೇ ಇಲ್ಲದಿದ್ದರೆ?

ಮಲೆನಾಡಿನಲ್ಲಿ ಮಳೆ ನಿಂತರೆ ರಸ್ತೆ ಒಣಗೀತು. ನಮ್ಮದು ಭದ್ರಾ ನಾಲೆಯ ಸೀಮೆ. ಬೇಸಿಗೆ ಬೆಳೆಗೆ ನೀರು ಬಿಟ್ಟಾಗಲೂ ಗದ್ದೆ, ತೋಟಗಳ ಹೆಚ್ಚುವರಿ ನೀರು ರಸ್ತೆಯ ಬದಿಗೇ ಬರುತ್ತದೆ. ನಾಲೆಯ ಕೊನೆಭಾಗದ ರೈತರು ನೀರಿಲ್ಲವೆಂದು ಗೋಳಿಡುವಾಗ ಇಲ್ಲಿ ಅದೇ ನೀರು ರಸ್ತೆ ಕೆಡಿಸುತ್ತಿರುವುದು ನಾಚಿಕೆಯ ಸಂಗತಿ.

ತಪ್ಪೆಲ್ಲ ಸರ್ಕಾರದ್ದೆನ್ನಲು ನಮಗೆ ಬಾಯಿಲ್ಲ. ಟ್ರ್ಯಾಕ್ಟರ್ ದಾಟಿಸಲು ಚರಂಡಿಗೆ ಮಣ್ಣು ತುಂಬಿದವರು ನಾವು. ಬದುವನ್ನು ಚರಂಡಿಯವರೆಗೆ ಸರಿಸಿದವರೂ, ಸೋಗೆ, ಅಡಿಕೆ ಸಿಪ್ಪೆಯನ್ನು ಮೋರಿಯ ಬಾಯಿಗೆ ಸುರಿದವರೂ ನಾವೇ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ತೋಟದ ದಾರಿಗೆ ಮಣ್ಣು ತುಂಬುವ ಬದಲು, ಇಲಾಖೆಯವರನ್ನು ಕೇಳಿ, ಸಾಕಷ್ಟು ದೊಡ್ಡ ಸಿಮೆಂಟ್ ಪೈಪು ಹಾಕಿಸಿರಿ. ಮುಂಗಾರಿಗೆ ಮುನ್ನ ನಿಮ್ಮ ಜಮೀನಿನ ಉದ್ದಕ್ಕೂ ಚರಂಡಿ ಬಿಡಿಸಿರಿ. ಹೊಸ ರಸ್ತೆ ಮಂಜೂರಾದಾಗ ಡಾಂಬರಿನ ದಪ್ಪದ ಜೊತೆಗೆ, ಅಂದಾಜುಪಟ್ಟಿಯಲ್ಲಿ ಚರಂಡಿ, ಮೋರಿಗಳಿವೆಯೇ ಎಂದೂ ಗ್ರಾಮಸಭೆಯಲ್ಲಿ ಕೇಳಿರಿ.

ನೀರಿಗೆ ದಾರಿ ಬಿಟ್ಟರೆ ಮಾತ್ರ ನಮಗೂ ದಾರಿ ಉಳಿದೀತು.